ರಾಗಿಯ ಎರಡು ಮನೆತನಗಳನ್ನು ಕೂಡಿಸಿದ ಲಕ್ಷ್ಮಣಯ್ಯ

ಮಕ್ಕಳೇ, ನೀವು ಬೆಂಗಳೂರಿನಿಂದ ಆನೇಕಲ್ ತಾಲ್ಲೂಕಿನ ಸರ್ಜಾಪುರಕ್ಕೆ ಬಸ್ಸಿನಲ್ಲಿ ಹೋಗಿದ್ದೀರಾ? ದಾರಿಯುದ್ದಕ್ಕೂ ಗಾಜಿನ ಗೋಡೆಯ ಎತ್ತರದ ಕಟ್ಟಡಗಳು, ಕಂಪ್ಯೂಟರ್ ಕಂಪನಿಗಳು, ಹೊಸ ಬಡಾವಣೆಗಳ ಬೋರ್ಡುಗಳು ಕಾಣುತ್ತವೆ. ಸರ್ಜಾಪುರ ದಾಟಿ ಸುತ್ತಲಿನ ಹಳ್ಳಿಗಳ ಕಡೆ ತಿರುಗಿದರೆ ಅಲ್ಲಲ್ಲಿ ಇನ್ನೂ ರಾಗಿ ಹೊಲ ಉಳಿದಿದೆ. ಹೊಲದ ನಡುವೆ ಅವರೆ, ಸಾಸಿವೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ಇರುತ್ತದೆ. ಕೊಯ್ಲು ಮುಗಿದ ಮೇಲೆ ಮನೆಯ ಹಿತ್ತಲಿನಲ್ಲಿ ರಾಗಿ ಹುಲ್ಲಿನ ಬಣವೆ ಏಳುತ್ತದೆ. ಕಾಳು ಮನೆಯವರಿಗೆ, ಹುಲ್ಲು ಹಸುವಿಗೆ. ಹಸುವಿನ ಹಾಲು ಡೈರಿಗೆ. ಒಂದೇ ಪೈರಿನಿಂದ ಎರಡು ಹೊಟ್ಟೆ ತುಂಬುತ್ತವೆ.

ಆ ಹೊಲದಲ್ಲಿ ನಿಂತಿರುವ ರಾಗಿಯ ವಂಶವನ್ನು ಹುಡುಕುತ್ತಾ ಹೋದರೆ ನಾವು ಎಲ್ಲಿಗೆ ತಲುಪುತ್ತೇವೆ ಗೊತ್ತೇ? ಒಂದು ದಾರಿ ನಮ್ಮ ತಾತ ಮುತ್ತಾತಂದಿರ ಹೊಲಗಳಿಗೆ ಹೋಗುತ್ತದೆ. ಇನ್ನೊಂದು ದಾರಿ ಸಮುದ್ರ ದಾಟಿ ಆಫ್ರಿಕಾ ಖಂಡಕ್ಕೆ ಹೋಗುತ್ತದೆ. ಈ ಎರಡು ದಾರಿಗಳನ್ನು ಮಂಡ್ಯದ ಒಂದು ಹೊಲದಲ್ಲಿ ಕೂಡಿಸಿದವರು ಒಬ್ಬ ಕನ್ನಡಿಗ ವಿಜ್ಞಾನಿ. ಅವರ ಹೆಸರು ಲಕ್ಷ್ಮಣಯ್ಯ. ರೈತರು ಪ್ರೀತಿಯಿಂದ ಕರೆದದ್ದು ರಾಗಿ ಲಕ್ಷ್ಮಣಯ್ಯ ಎಂದು. ಅವರ ಬದುಕಿನ ಕಥೆಯನ್ನು ಇಂದು ತಿಳಿಯೋಣ.

ರಾಗಿಯೂ ಒಂದು ಹುಲ್ಲು

ಮೊದಲು ರಾಗಿಯ ಪರಿಚಯ ಮಾಡಿಕೊಳ್ಳೋಣ. ಭತ್ತ, ಗೋಧಿ, ಜೋಳ, ಕಬ್ಬು, ಬಿದಿರು ಇವೆಲ್ಲ ಹುಲ್ಲಿನ ಕುಟುಂಬಕ್ಕೆ ಸೇರಿದ ಸಸ್ಯಗಳು. ರಾಗಿಯೂ ಅದೇ ಕುಟುಂಬದ್ದು. ಇದರ ವೈಜ್ಞಾನಿಕ ಹೆಸರು ಎಲ್ಯೂಸಿನ್ ಕೊರಕಾನ. ರಸ್ತೆ ಬದಿಯಲ್ಲಿ, ಶಾಲೆಯ ಆವರಣದಲ್ಲಿ ರಾಗಿಯಂತೆಯೇ ಬೆರಳು ಬೆರಳಾಗಿ ಸಣ್ಣ ತೆನೆ ಬಿಡುವ ಒಂದು ಕಳೆ ಹುಲ್ಲನ್ನು ನೀವು ನೋಡಿರಬಹುದು. ಅದು ರಾಗಿಯ ಹತ್ತಿರದ ನೆಂಟ.

ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳಲ್ಲಿ. ಅಲ್ಲಿನ ಜನ ಸಾವಿರಾರು ವರ್ಷಗಳ ಹಿಂದೆ ಕಾಡುಹುಲ್ಲಿನಿಂದ ಇದನ್ನು ಪಳಗಿಸಿದರು. ಅಲ್ಲಿಂದ ಬಹಳ ಹಿಂದೆಯೇ ಬೀಜ ಭಾರತಕ್ಕೆ ಬಂತು. ಆದರೆ ಬಂದದ್ದು ಆಫ್ರಿಕಾದಲ್ಲಿದ್ದ ರಾಗಿಯೆಲ್ಲವೂ ಅಲ್ಲ, ಅದರ ಒಂದು ಪಾಲು ಮಾತ್ರ. ಆಮೇಲೆ ಎರಡೂ ಕಡೆ ರಾಗಿ ಬೇರೆ ಬೇರೆಯಾಗಿ ಬೆಳೆಯಿತು. ನಮ್ಮ ಮಳೆ, ನಮ್ಮ ಕೆಂಪು ಮಣ್ಣು, ನಮ್ಮ ರೈತರ ಆಯ್ಕೆ ಇಲ್ಲಿನ ರಾಗಿಯನ್ನು ಒಂದು ರೀತಿ ರೂಪಿಸಿದವು. ಅಲ್ಲಿನ ಹವೆ, ಅಲ್ಲಿನ ರೈತರು ಅಲ್ಲಿನ ರಾಗಿಯನ್ನು ಇನ್ನೊಂದು ರೀತಿ ರೂಪಿಸಿದರು. ಒಂದೇ ಮನೆಯ ಅಣ್ಣ ತಮ್ಮಂದಿರು ದೂರದ ಊರುಗಳಿಗೆ ಹೋಗಿ ನೆಲೆಸಿದರೆ ಕೆಲವು ತಲೆಮಾರುಗಳ ನಂತರ ಎರಡು ಮನೆತನಗಳಾಗುವುದಿಲ್ಲವೇ? ಹಾಗೆಯೇ ಆಯಿತು.

ಲಕ್ಷ್ಮಣಯ್ಯನವರಿಗಿಂತ ಮುಂಚೆ

ಹಿಂದೆ ನಮ್ಮ ರೈತರು ಗಿಡ್ಡ ರಾಗಿ, ಕರಿಗಿಡ್ಡ, ಹಸಿರುಕಂಬಿ, ಹುಲ್ಲುಬಿಳಿ, ರುದ್ರಜಡೆ ಹೀಗೆ ಹತ್ತಾರು ನಾಟಿ ರಾಗಿಗಳನ್ನು ಬೆಳೆಯುತ್ತಿದ್ದರು. ಒಂದೇ ಹೊಲದಲ್ಲಿಯೂ ಗಿಡದಿಂದ ಗಿಡಕ್ಕೆ ಸ್ವಲ್ಪ ವ್ಯತ್ಯಾಸ ಇರುತ್ತಿತ್ತು. ಒಂದು ಗಿಡ ಎತ್ತರ, ಇನ್ನೊಂದು ಗಿಡ್ಡ. ಒಂದು ಬೇಗ ಮಾಗುತ್ತಿತ್ತು, ಇನ್ನೊಂದು ತಡ.

ಮೈಸೂರು ಸಂಸ್ಥಾನದಲ್ಲಿ ಕೃಷಿ ಸಂಶೋಧನೆಗೆ ಬುನಾದಿ ಹಾಕಿದವರು ಲೆಸ್ಲಿ ಕೋಲ್ಮನ್. ಕೆನಡಾ ದೇಶದವರಾದ ಅವರು 1908ರಲ್ಲಿ ಮೈಸೂರಿಗೆ ಬಂದು ಮುಂದೆ ಕೃಷಿ ಇಲಾಖೆಯ ಮುಖ್ಯಸ್ಥರಾದರು. ಅವರ ಕಾಲದಲ್ಲಿ ಹೆಬ್ಬಾಳದ ಕ್ಷೇತ್ರದಲ್ಲಿ ರಾಗಿಯ ಮೇಲೆ ಕೆಲಸ ಶುರುವಾಯಿತು. ರೈತರ ಹೊಲಗಳಿಂದ ತಂದ ರಾಗಿಯಲ್ಲಿ ಒಳ್ಳೆಯ ಗಿಡಗಳನ್ನು ಆರಿಸಿ, ಒಂದೊಂದರ ಬೀಜವನ್ನೂ ಬೇರೆ ಬೇರೆ ಸಾಲಿನಲ್ಲಿ ಬಿತ್ತಿ, ಉತ್ತಮವಾದುದನ್ನು ಉಳಿಸಿಕೊಳ್ಳುವ ಕ್ರಮ ಅದು. ಹೀಗೆ 1918ರ ಸುಮಾರಿಗೆ ಎಚ್-22 ಎಂಬ ತಳಿ ಸಿಕ್ಕಿತು. ಇದು ಆಯ್ಕೆಯ ವಿಧಾನ.

ಆಯ್ಕೆಯ ವಿಧಾನಕ್ಕೆ ಒಂದು ಮಿತಿ ಇದೆ. ಅದೇನು, ಊಹಿಸಬಲ್ಲಿರಾ? ಹೊಲದಲ್ಲಿ ಈಗಾಗಲೇ ಇರುವುದನ್ನು ಮಾತ್ರ ಆರಿಸಬಹುದು. ಒಂದು ಗಿಡದಲ್ಲಿ ದೊಡ್ಡ ತೆನೆ ಇದೆ, ಆದರೆ ತಡವಾಗಿ ಮಾಗುತ್ತದೆ. ಇನ್ನೊಂದು ಬೇಗ ಮಾಗುತ್ತದೆ, ಆದರೆ ತೆನೆ ಚಿಕ್ಕದು. ದೊಡ್ಡ ತೆನೆಯೂ ಇರಬೇಕು, ಬೇಗನೂ ಮಾಗಬೇಕು ಎಂದರೆ ಆ ಎರಡು ಗಿಡಗಳಿಗೆ ಮದುವೆ ಮಾಡಿಸಲೇಬೇಕು. ಇದಕ್ಕೆ ಸಂಕರಣ ಎನ್ನುತ್ತಾರೆ.

ಮಂಡ್ಯದ ಹೊಲಕ್ಕೆ ಬಂದ ಯುವಕ

ಲಕ್ಷ್ಮಣಯ್ಯ ಹುಟ್ಟಿದ್ದು 1921ರಲ್ಲಿ, ಹಳೆಯ ಮೈಸೂರು ಸೀಮೆಯಲ್ಲಿ. ಅದು ಮುದ್ದೆ ಉಂಡು ಬೆಳೆಯುವ ಸೀಮೆ. ಓದು ಮುಗಿಸಿ ಅವರು ಕೃಷಿ ಇಲಾಖೆ ಸೇರಿದರು. ಮಂಡ್ಯದ ವಿ.ಸಿ. ಫಾರಂ ಅವರ ಕೆಲಸದ ಸ್ಥಳವಾಯಿತು. ವಿ.ಸಿ. ಎಂದರೆ ವಿಶ್ವೇಶ್ವರಯ್ಯ ನಾಲೆ. ಕೃಷ್ಣರಾಜಸಾಗರದ ನೀರು ಈ ನಾಲೆಯಲ್ಲಿ ಹರಿದು ಮಂಡ್ಯದ ಕಡೆ ಬರುತ್ತದೆ. 1931ರಲ್ಲಿ ಆರಂಭವಾದ ಈ ಫಾರಂ ಇಂದಿಗೂ ರಾಗಿ, ಭತ್ತ, ಕಬ್ಬಿನ ಸಂಶೋಧನೆಗೆ ಹೆಸರಾಗಿದೆ.

ರಾಗಿ ಮಳೆಯಾಶ್ರಿತ ಬೆಳೆ ಅಲ್ಲವೇ, ನಾಲೆ ನೀರಿನ ಊರಿನಲ್ಲಿ ರಾಗಿಯ ಸಂಶೋಧನೆ ಏಕೆ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಮಳೆಯನ್ನೇ ನಂಬಿದರೆ ವರ್ಷಕ್ಕೆ ಒಂದೇ ಬೆಳೆ ಸಿಗುತ್ತದೆ. ನೀರಿದ್ದರೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ರಾಗಿ ಬೆಳೆಯಬಹುದು. ಅಂದರೆ ಒಂದು ವರ್ಷದಲ್ಲಿ ರಾಗಿಯ ಎರಡು ತಲೆಮಾರನ್ನು ನೋಡಬಹುದು. ಹೊಸ ತಳಿ ಸ್ಥಿರವಾಗಲು ಆರೆಂಟು ತಲೆಮಾರು ಬೇಕು. ಆದ್ದರಿಂದ ತಳಿ ಮಾಡುವವನಿಗೆ ನೀರು ಎಂದರೆ ಉಳಿತಾಯವಾದ ವರ್ಷಗಳು.

ಹಠಮಾರಿ ಹೂವು

ರಾಗಿಗೆ ಮದುವೆ ಮಾಡಿಸುವುದು ಸುಲಭವಲ್ಲ. ದಾಸವಾಳದ ಹೂವನ್ನು ನೀವು ಬಿಡಿಸಿ ನೋಡಿದ್ದೀರಿ. ಕೇಸರ, ಶಲಾಕೆ ಎಲ್ಲ ದೊಡ್ಡದಾಗಿ ಕಾಣುತ್ತವೆ. ರಾಗಿಯ ಹೂವು ಎಷ್ಟು ಚಿಕ್ಕದೆಂದರೆ ಭೂತಗನ್ನಡಿ ಬೇಕೇ ಬೇಕು. ಅದರಲ್ಲಿ ಗಂಡು ಭಾಗವೂ ಹೆಣ್ಣು ಭಾಗವೂ ಒಟ್ಟಿಗೆ ಇರುತ್ತವೆ. ಹೂವು ಅರಳುವುದು ಊರೆಲ್ಲ ಮಲಗಿರುವಾಗ, ನಡುರಾತ್ರಿ ಕಳೆದು ಬೆಳಗಿನ ಜಾವದವರೆಗೆ. ಅರಳುವ ಹೊತ್ತಿಗೆ ತನ್ನದೇ ಪರಾಗ ತನ್ನದೇ ಶಲಾಕೆಯ ಮೇಲೆ ಬಿದ್ದು ಕೆಲಸ ಮುಗಿದಿರುತ್ತದೆ. ಇದಕ್ಕೆ ಸ್ವಕೀಯ ಪರಾಗಸ್ಪರ್ಶ ಎಂದು ಹೆಸರು. ನೂರು ಕಾಳಿನಲ್ಲಿ ಬೇರೆ ಗಿಡದ ಪರಾಗದಿಂದ ಆದದ್ದು ಒಂದು ಸಿಕ್ಕರೆ ಹೆಚ್ಚು.

ಹಾಗಾದರೆ ಸಂಕರಣ ಮಾಡುವುದು ಹೇಗೆ? ತಳಿವಿಜ್ಞಾನಿಗಳು ಒಂದು ಸರಳ ಉಪಾಯ ಕಂಡುಕೊಂಡಿದ್ದಾರೆ. ತಾಯಿಯಾಗಬೇಕಾದ ಗಿಡದ ತೆನೆಯನ್ನೂ ತಂದೆಯಾಗಬೇಕಾದ ಗಿಡದ ತೆನೆಯನ್ನೂ ಹೂ ಬಿಡುವ ಮುಂಚೆಯೇ ಒಂದಕ್ಕೊಂದು ತಾಗುವಂತೆ ಸೇರಿಸಿ ಕಟ್ಟುತ್ತಾರೆ. ಮೇಲೆ ಕಾಗದದ ಚೀಲ ಹಾಕುತ್ತಾರೆ. ಒಂದರ ಪರಾಗ ಇನ್ನೊಂದರ ಮೇಲೆ ಬಿದ್ದು ಕೆಲವು ಕಾಳುಗಳಾದರೂ ಸಂಕರವಾಗುತ್ತವೆ.

ಆದರೆ ಯಾವ ಕಾಳು ಸಂಕರ, ಯಾವುದು ಅಲ್ಲ ಎಂದು ತಿಳಿಯುವುದು ಹೇಗೆ? ನೋಡಲು ಎಲ್ಲವೂ ಒಂದೇ. ಇಲ್ಲಿ ಬಣ್ಣ ನೆರವಿಗೆ ಬರುತ್ತದೆ. ಕೆಲವು ರಾಗಿ ಗಿಡಗಳ ಗಂಟುಗಳಲ್ಲಿ ನೇರಳೆ ಬಣ್ಣ ಇರುತ್ತದೆ. ಕೆಲವು ಪೂರ್ತಿ ಹಸಿರು. ನೇರಳೆ ಗುಣ ಪ್ರಬಲವಾದುದು. ಅಂದರೆ ನೇರಳೆ ತಂದೆಗೂ ಹಸಿರು ತಾಯಿಗೂ ಹುಟ್ಟಿದ ಸಸಿ ನೇರಳೆಯಾಗಿರುತ್ತದೆ. ಹಸಿರು ತಾಯಿಯ ಕಾಳುಗಳನ್ನೆಲ್ಲ ಬಿತ್ತಿದಾಗ ಹಸಿರಾಗಿ ಬಂದದ್ದು ತಾಯಿಯ ಸ್ವಂತ ಪರಾಗದಿಂದಾದ ಸಸಿ. ಎಲ್ಲೋ ಒಂದೆರಡು ನೇರಳೆ ಬಂದರೆ ಅದೇ ಸಂಕರ ಸಸಿ. ನೂರಾರು ಹಸಿರು ಸಸಿಗಳ ನಡುವೆ ಆ ಒಂದೆರಡನ್ನು ಹುಡುಕಿ ತೆಗೆಯಲು ಎಷ್ಟು ತಾಳ್ಮೆ ಬೇಕು, ನೀವೇ ಯೋಚಿಸಿ.

ಮೊದಲ ಗೆಲುವು

ಈ ತಾಳ್ಮೆ ಲಕ್ಷ್ಮಣಯ್ಯನವರಲ್ಲಿತ್ತು. 1950ರ ಮತ್ತು 60ರ ದಶಕಗಳಲ್ಲಿ ಅವರ ಕೈಯಿಂದ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳು ಬಂದವು. ಹೆಸರುಗಳನ್ನು ಗಮನಿಸಿದಿರಾ? ರೈತನ ಬಾಯಲ್ಲಿ ಸಲೀಸಾಗಿ ನಿಲ್ಲುವ ಹೆಸರುಗಳು. ನಾಟಿ ರಾಗಿಗಿಂತ ಇವು ಹೆಚ್ಚು ಇಳುವರಿ ಕೊಟ್ಟವು.

ಇನ್ನೊಬ್ಬರಾಗಿದ್ದರೆ ಇಲ್ಲಿಗೆ ತೃಪ್ತಿಪಡುತ್ತಿದ್ದರೇನೋ. ಆದರೆ ಈ ತಳಿಗಳಿಗೆಲ್ಲ ತಂದೆ ತಾಯಿಯಾಗಿ ಬಳಸಿದ್ದು ಭಾರತದ ರಾಗಿಗಳನ್ನೇ. ಒಂದೇ ಮನೆತನದೊಳಗೆ ಮದುವೆ ಮಾಡುತ್ತಾ ಹೋದರೆ ಹೊಸ ಗುಣ ಎಲ್ಲಿಂದ ಬರಬೇಕು? ಇಳುವರಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ.

ಇದನ್ನು ಒಂದು ಲೆಕ್ಕದಿಂದ ತಿಳಿಯೋಣ. ಗಿಡದ ಒಂದೊಂದು ಗುಣವನ್ನೂ ಅದರೊಳಗಿನ ಜೀನ್‌ಗಳು ನಿರ್ಧರಿಸುತ್ತವೆ. ತಂದೆ ಮತ್ತು ತಾಯಿಯ ನಡುವೆ ಎರಡು ಜೀನ್‌ಗಳಲ್ಲಿ ಮಾತ್ರ ವ್ಯತ್ಯಾಸ ಇದೆ ಎನ್ನೋಣ. ಆಗ ಅವುಗಳ ಸಂತತಿಯಲ್ಲಿ ಕೊನೆಗೆ ಸ್ಥಿರವಾಗಿ ನಿಲ್ಲಬಲ್ಲ ಶುದ್ಧ ತಳಿಗಳು 2 × 2 = 4 ಬಗೆ. ಮೂರು ಜೀನ್‌ಗಳಲ್ಲಿ ವ್ಯತ್ಯಾಸ ಇದ್ದರೆ 8 ಬಗೆ. ಹತ್ತು ಜೀನ್‌ಗಳಲ್ಲಿ ಇದ್ದರೆ 1024 ಬಗೆ. ಇಪ್ಪತ್ತು ಜೀನ್‌ಗಳಲ್ಲಿ ಇದ್ದರೆ 10 ಲಕ್ಷ 48 ಸಾವಿರದ 576 ಬಗೆ! ತಂದೆ ತಾಯಿಯಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ? ಒಂದೇ ಬಗೆ. ಎಷ್ಟು ಸಾವಿರ ಗಿಡ ಬೆಳೆದರೂ ಆರಿಸಲು ಏನೂ ಇರುವುದಿಲ್ಲ. ಗಿಡಗಳ ಜೀನ್‌ಗಳಲ್ಲಿರುವ ಈ ವ್ಯತ್ಯಾಸಕ್ಕೆ ಆನುವಂಶಿಕ ವೈವಿಧ್ಯ ಎಂದು ಹೆಸರು. ತಳಿ ಮಾಡುವವನ ಮೂಲಧನ ಇದೇ.

ಬೆಳೆಯ ತವರಿನಲ್ಲಿ ವೈವಿಧ್ಯ ಹೆಚ್ಚು ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರು ರಷ್ಯಾದ ವಿಜ್ಞಾನಿ ನಿಕೊಲಾಯ್ ವಾವಿಲೋವ್. ಅವರು 1920ರ ಮತ್ತು 30ರ ದಶಕಗಳಲ್ಲಿ ಇಥಿಯೋಪಿಯಾ ಸೇರಿದಂತೆ ಹಲವು ದೇಶಗಳಲ್ಲಿ ಅಲೆದು ಬೀಜ ಸಂಗ್ರಹಿಸಿದರು. ಜನರ ಹಸಿವು ನೀಗಿಸಲು ಬೀಜ ಕೂಡಿಟ್ಟ ಆ ಮಹನೀಯರು ಅಂದಿನ ಸರ್ಕಾರದ ಕೋಪಕ್ಕೆ ಗುರಿಯಾಗಿ 1943ರಲ್ಲಿ ಸೆರೆಮನೆಯಲ್ಲಿ ಊಟವಿಲ್ಲದೆ ಸೊರಗಿ ತೀರಿಕೊಂಡರು. ಅವರ ತತ್ವ ಮಾತ್ರ ಉಳಿಯಿತು. ಹೊಸ ಗುಣ ಬೇಕೇ, ಬೆಳೆಯ ತವರಿಗೆ ಹೋಗಿ. ರಾಗಿಯ ತವರು ಯಾವುದು? ಆಫ್ರಿಕಾ.

ದೂರದ ನೆಂಟರು

ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಗಳನ್ನು ತರಿಸಿ ವಿ.ಸಿ. ಫಾರಂನಲ್ಲಿ ಬೆಳೆದರು. ಅವುಗಳಲ್ಲಿ ಹಲವು ದಪ್ಪ ಕಾಂಡದವು, ದೊಡ್ಡ ತೆನೆಯವು, ದಪ್ಪ ಕಾಳಿನವು. ಕೆಲವಕ್ಕೆ ರೋಗ ತಡೆಯುವ ಶಕ್ತಿಯೂ ಇತ್ತು. ಹಾಗಾದರೆ ಅವುಗಳ ಬೀಜವನ್ನೇ ರೈತರಿಗೆ ಹಂಚಿಬಿಡಬಹುದಿತ್ತಲ್ಲ? ಇಲ್ಲ. ಅವುಗಳಲ್ಲಿ ಹಲವು ನಮ್ಮಲ್ಲಿ ಬಹಳ ತಡವಾಗಿ ಮಾಗುತ್ತಿದ್ದವು. ನಮ್ಮ ಮುಂಗಾರು ಅಷ್ಟು ದಿನ ಕಾಯುವುದಿಲ್ಲ. ತೆನೆ ಕಾಳು ಕಟ್ಟುವ ಹೊತ್ತಿಗೆ ಮಳೆ ಹೋದರೆ ರೈತನಿಗೆ ಉಳಿಯುವುದು ಹುಲ್ಲು ಮಾತ್ರ.

ನಮ್ಮ ರಾಗಿ ಹಾಗಲ್ಲ. ಅದಕ್ಕೆ ಈ ಮಣ್ಣಿನ ಗುಣ, ಈ ಮಳೆಯ ನಡೆ ಗೊತ್ತು. ಸಕಾಲಕ್ಕೆ ಮಾಗುತ್ತದೆ, ಚೆನ್ನಾಗಿ ತೆಂಡೆ ಒಡೆಯುತ್ತದೆ. ಆದರೆ ತೆನೆ ಅಷ್ಟು ದೊಡ್ಡದಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೋಡಿ ಇದು. ಲಕ್ಷ್ಮಣಯ್ಯನವರು ಈ ಎರಡು ಮನೆತನಗಳನ್ನು ಕೂಡಿಸಿದರು. ಸಾವಿರಾರು ವರ್ಷ ದೂರವಿದ್ದ ನೆಂಟರು ಮಂಡ್ಯದಲ್ಲಿ ಮತ್ತೆ ಸೇರಿದರು.

ಸಂಕರಣ ಮಾಡಿದ ಮಾತ್ರಕ್ಕೆ ಹೊಸ ತಳಿ ಸಿಕ್ಕಿಬಿಡುವುದಿಲ್ಲ. ಮೊದಲ ತಲೆಮಾರಿನ ಗಿಡಗಳೆಲ್ಲ ಹೆಚ್ಚು ಕಡಿಮೆ ಒಂದೇ ರೀತಿ ಇರುತ್ತವೆ. ಎರಡನೆಯ ತಲೆಮಾರಿನಲ್ಲಿ ಗುಣಗಳು ಚೆಲ್ಲಾಪಿಲ್ಲಿಯಾಗುತ್ತವೆ. ಒಂದು ತಾಯಿಯಂತೆ, ಒಂದು ತಂದೆಯಂತೆ, ಮತ್ತೊಂದು ಯಾರಂತೆಯೂ ಅಲ್ಲ. ಅವುಗಳಲ್ಲಿ ಹೆಚ್ಚಿನವು ಬೇಡದವು. ಉಳಿದ ಕೆಲವನ್ನು ಆರಿಸಿ, ಬೀಜ ಬೇರೆ ಮಾಡಿ, ಮತ್ತೆ ಬಿತ್ತಿ, ಮತ್ತೆ ಆರಿಸಬೇಕು. ಆರೆಂಟು ತಲೆಮಾರು ಕಳೆದ ಮೇಲೆ ಗುಣ ಸ್ಥಿರವಾಗುತ್ತದೆ. ಆಮೇಲೆ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಮಳೆಗಾಲಗಳಲ್ಲಿ ಪರೀಕ್ಷೆ. ಒಂದು ತಳಿಗೆ ಹತ್ತು ವರ್ಷ ಬೇಕಾಗುವುದು ಸಾಮಾನ್ಯ. ಒಬ್ಬ ವಿಜ್ಞಾನಿಯ ಸೇವಾವಧಿಯಲ್ಲಿ ಇಂಥ ಹತ್ತು ವರ್ಷಗಳು ಎಷ್ಟಿವೆ, ಲೆಕ್ಕ ಹಾಕಿ. ತಂದೆ ತಾಯಿಯ ಆಯ್ಕೆ ತಪ್ಪಿದರೆ ಅಷ್ಟೂ ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆದ್ದರಿಂದಲೇ ಯಾವ ಗಿಡಕ್ಕೆ ಯಾವ ಗಿಡ ಎಂಬುದು ಎಲ್ಲಕ್ಕಿಂತ ದೊಡ್ಡ ನಿರ್ಧಾರ.

ಇಂಡಾಫ್ ಬಂತು

ಈ ಶ್ರಮದ ಫಲವಾಗಿ 1970ರ ದಶಕದಿಂದ ಹೊಸ ತಳಿಗಳು ಒಂದೊಂದಾಗಿ ರೈತರ ಕೈ ಸೇರಿದವು. ಇಂಡಿಯಾ ಪದದ ಮೊದಲ ಭಾಗ, ಆಫ್ರಿಕಾ ಪದದ ಮೊದಲ ಭಾಗ ಸೇರಿಸಿ ಅವುಗಳಿಗೆ ಇಂಡಾಫ್ ಎಂದು ಹೆಸರಿಟ್ಟರು. ಗಮನಿಸಿ, ತಂದೆ ತಾಯಿ ಇಬ್ಬರ ಹೆಸರೂ ಮಗುವಿನ ಹೆಸರಿನಲ್ಲೇ ಇದೆ. ಮಾಡಿದವರ ಹೆಸರು ಅದರಲ್ಲಿ ಇಲ್ಲ.

ಇಂಡಾಫ್-5ರ ತಂದೆ ತಾಯಿ ಯಾರು? ಲಕ್ಷ್ಮಣಯ್ಯನವರೇ ಮೊದಲು ರೂಪಿಸಿದ್ದ ಕಾವೇರಿ ಒಂದು ಕಡೆ, ಐಇ 929 ಎಂಬ ಸಂಖ್ಯೆಯ ಆಫ್ರಿಕಾದ ರಾಗಿ ಇನ್ನೊಂದು ಕಡೆ. ಇಂಡಾಫ್-8ರಲ್ಲಿ ನಮ್ಮ ಹಳೆಯ ನಾಟಿ ರಾಗಿ ಹುಲ್ಲುಬಿಳಿಗೂ ಅದೇ ಐಇ 929ಕ್ಕೂ ಮದುವೆಯಾಗಿದೆ. ಎಲ್ಲ ರೈತರಿಗೂ ಒಂದೇ ತಳಿ ಹೊಂದುವುದಿಲ್ಲ. ಮಳೆ ಬೇಗ ಬಂದ ವರ್ಷ ಹೆಚ್ಚು ದಿನದ ತಳಿ ಬಿತ್ತಬಹುದು. ತಡವಾದ ವರ್ಷ ಕಡಿಮೆ ದಿನದ್ದು ಬೇಕು. ಇಂಡಾಫ್-8 ನಾಲ್ಕು ತಿಂಗಳಿನ ಆಸುಪಾಸಿನದು. ಇಂಡಾಫ್-5 ಅದಕ್ಕಿಂತ ಬೇಗ ಮಾಗುತ್ತದೆ. ಇಂಡಾಫ್-9 ಇನ್ನೂ ಬೇಗ ಬರುವುದರಿಂದ ಬೇಸಿಗೆ ಬೆಳೆಗೂ ಒದಗಿತು. ಹೀಗೆ ಮಳೆ ಯಾವಾಗ ಬಂದರೂ ಬಿತ್ತಲು ಒಂದು ಇಂಡಾಫ್ ಇತ್ತು.

ಆ ಕಾಲವನ್ನು ನೆನಪಿಸಿಕೊಳ್ಳಿ. 1965 ಮತ್ತು 1966ರಲ್ಲಿ ದೇಶಕ್ಕೆ ಬರಗಾಲ ಬಂದಿತ್ತು. ಹೊರದೇಶದಿಂದ ಹಡಗಿನಲ್ಲಿ ಗೋಧಿ ತರಿಸಿ ಉಣ್ಣಬೇಕಾಗಿತ್ತು. ಹಸಿರು ಕ್ರಾಂತಿಯಲ್ಲಿ ಗೋಧಿಗೆ, ಭತ್ತಕ್ಕೆ ಹೊಸ ತಳಿಗಳು ಬಂದವು. ಆದರೆ ಅವು ನೀರಿದ್ದವರ ಬೆಳೆ. ಬೋರೆಯಲ್ಲಿ ಎರಡೆಕರೆ ಕೆಂಪು ಮಣ್ಣು ಇಟ್ಟುಕೊಂಡು ಆಕಾಶ ನೋಡುವ ರೈತನಿಗೆ ಏನು? ಅವನಿಗೆ ಸಿಕ್ಕ ಹಸಿರು ಕ್ರಾಂತಿ ಇಂಡಾಫ್ ರಾಗಿ. ಅಷ್ಟೇ ಜಮೀನು, ಅಷ್ಟೇ ಮಳೆ, ಆದರೆ ಕಣದಲ್ಲಿ ರಾಶಿ ದೊಡ್ಡದಾಯಿತು.

ತೀರ ಹತ್ತಿರವೂ ಬೇಡ, ತೀರ ದೂರವೂ ಬೇಡ

ಹಾಗಾದರೆ ತಂದೆ ತಾಯಿ ಎಷ್ಟು ದೂರದವರಾದರೆ ಅಷ್ಟು ಒಳ್ಳೆಯದೇ? ಇದಕ್ಕೆ ಉತ್ತರವನ್ನು ಡೈರಿ ಹಸು ಸಾಕುವ ಮನೆಗಳ ಹಿತ್ತಲಿನಲ್ಲೇ ನೋಡಬಹುದು. ಅಲ್ಲಿ ಆಳೆತ್ತರ ಬೆಳೆಯುವ ನೇಪಿಯರ್ ಮೇವಿನ ಹುಲ್ಲನ್ನು ನೀವು ಕಂಡಿರುತ್ತೀರಿ. ಈಗ ಹೆಚ್ಚಾಗಿ ಬೆಳೆಯುವುದು ಸಂಕರ ನೇಪಿಯರ್. ಇದರ ಒಂದು ಕಡೆ ಸಜ್ಜೆ, ಇನ್ನೊಂದು ಕಡೆ ಆನೆಹುಲ್ಲು ಎಂದೂ ಕರೆಯುವ ನೇಪಿಯರ್. ಸಜ್ಜೆಯಿಂದ ಮೃದುವಾದ, ಪೌಷ್ಟಿಕವಾದ ಎಲೆಯ ಗುಣ ಬಂತು. ನೇಪಿಯರ್‌ನಿಂದ ಕೊಯ್ದಷ್ಟೂ ಚಿಗುರುತ್ತಾ ವರ್ಷಾನುಗಟ್ಟಲೆ ಬದುಕುವ ಗುಣ ಬಂತು. ಮೇವಿಗೆ ಬಹಳ ಒಳ್ಳೆಯದು. ಆದರೆ ಈ ಹುಲ್ಲಿನ ಬೀಜ ತಂದು ಬಿತ್ತುವವರನ್ನು ನೋಡಿದ್ದೀರಾ? ಇಲ್ಲ. ಕಾಂಡದ ತುಂಡು ಅಥವಾ ಬೇರು ಸಮೇತದ ಸಸಿ ನೆಡುತ್ತಾರೆ. ಏಕೆ?

ಸಜ್ಜೆಯ ಜೀವಕೋಶದಲ್ಲಿ 14 ವರ್ಣತಂತುಗಳಿವೆ. ನೇಪಿಯರ್‌ನಲ್ಲಿ 28. ಮಗುವಿಗೆ ಇಬ್ಬರಿಂದಲೂ ಅರ್ಧರ್ಧ ಬರುತ್ತದೆ. ಅಂದರೆ 7 ಮತ್ತು 14, ಒಟ್ಟು 21. ಬೀಜ ಕಟ್ಟಬೇಕಾದರೆ ವರ್ಣತಂತುಗಳು ಜೋಡಿ ಜೋಡಿಯಾಗಬೇಕು. 21 ಬೆಸ ಸಂಖ್ಯೆ, ಎಲ್ಲವೂ ಜೋಡಿಯಾಗಲಾರವು. ಆದ್ದರಿಂದ ಬೀಜ ಕಟ್ಟುವುದಿಲ್ಲ. ಮೇವಿನ ಹುಲ್ಲಿಗೆ ಇದರಿಂದ ನಷ್ಟವಿಲ್ಲ, ನಮಗೆ ಬೇಕಾದುದು ಎಲೆ. ಕಾಳಿಗಾಗಿ ಬೆಳೆಯುವ ರಾಗಿಗೆ ಹೀಗಾದರೆ?

ಭಾರತದ ರಾಗಿಯಲ್ಲೂ 36 ವರ್ಣತಂತು, ಆಫ್ರಿಕಾದ ರಾಗಿಯಲ್ಲೂ 36. ದೂರವಿದ್ದರೂ ಜಾತಿ ಒಂದೇ. ಆದ್ದರಿಂದ ಮಕ್ಕಳಿಗೆ ಬೀಜ ಕಟ್ಟಲು ತೊಂದರೆಯಿಲ್ಲ. ಹೊಸ ಗುಣ ತರುವಷ್ಟು ದೂರ, ಬೀಜ ಕಟ್ಟುವಷ್ಟು ಹತ್ತಿರ. ಲಕ್ಷ್ಮಣಯ್ಯನವರು ಆರಿಸಿದ ಜೋಡಿಯ ಗುಟ್ಟು ಇದೇ.

ಈ ದೂರವನ್ನು ಅಳೆಯಲು ಅಳತೆಪಟ್ಟಿ ಇದೆಯೇ? ಇದೆ. ನಮ್ಮ ದೇಶದ ಹೆಸರಾಂತ ಸಂಖ್ಯಾವಿಜ್ಞಾನಿ ಪಿ.ಸಿ. ಮಹಾಲನೋಬಿಸ್ 1936ರಲ್ಲಿ ಒಂದು ಸೂತ್ರವನ್ನು ವಿವರವಾಗಿ ಮಂಡಿಸಿದರು. ಗಿಡದ ಎತ್ತರ, ಹೂ ಬಿಡಲು ಹಿಡಿದ ದಿನ, ತೆಂಡೆಗಳ ಸಂಖ್ಯೆ, ತೆನೆಯ ಬೆರಳುಗಳ ಸಂಖ್ಯೆ ಮತ್ತು ಉದ್ದ, ಕಾಳಿನ ತೂಕ ಹೀಗೆ ಹಲವು ಅಳತೆಗಳನ್ನು ಒಟ್ಟಿಗೆ ತೆಗೆದುಕೊಂಡು ಎರಡು ತಳಿಗಳು ಎಷ್ಟು ದೂರದವು ಎಂದು ಆ ಸೂತ್ರದಿಂದ ಲೆಕ್ಕ ಹಾಕಬಹುದು. ತಳಿವಿಜ್ಞಾನಿಗಳು ಇದರಿಂದ ತಳಿಗಳನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ. ನಂತರ ಬೇರೆ ಬೇರೆ ಗುಂಪಿನಿಂದ ಒಳ್ಳೆಯ ಗುಣದ ಒಂದೊಂದು ಗಿಡ ಆರಿಸಿ ಸಂಕರಣ ಮಾಡುತ್ತಾರೆ. ಈಗ ಡಿಎನ್‌ಎಯನ್ನೇ ಪರೀಕ್ಷಿಸಿ ದೂರವನ್ನು ಇನ್ನೂ ಖಚಿತವಾಗಿ ತಿಳಿಯುತ್ತಾರೆ. ಮೇವಿನ ಹುಲ್ಲಿಗೂ ಇದೇ ಕ್ರಮ.

ಬೆಂಕಿ ರೋಗ ಕಲಿಸಿದ ಪಾಠ

ಕಥೆ ಇಲ್ಲಿಗೆ ಮುಗಿಯಲಿಲ್ಲ. ರಾಗಿಗೆ ಬೆಂಕಿ ರೋಗ ಎಂಬ ಒಂದು ಕಾಯಿಲೆ ಇದೆ. ಅದಕ್ಕೆ ಕಾರಣ ಒಂದು ಶಿಲೀಂಧ್ರ. ಎಲೆಯ ಮೇಲೆ ಚುಕ್ಕೆ ಬರುತ್ತದೆ. ತೆನೆಯ ಕುತ್ತಿಗೆಗೆ ತಗುಲಿದರೆ ಮೇಲಿನ ತೆನೆಗೆ ಆಹಾರ ಹೋಗುವುದಿಲ್ಲ, ಕಾಳು ಜೊಳ್ಳಾಗುತ್ತದೆ. ಇಂಡಾಫ್ ತಳಿಗಳಲ್ಲಿ ಹಲವು ಈ ರೋಗಕ್ಕೆ ಸುಲಭವಾಗಿ ತುತ್ತಾದವು. ಎಲ್ಲರ ಹೊಲದಲ್ಲೂ ಒಂದೇ ತಳಿ ಇದ್ದರೆ ರೋಗಕ್ಕೆ ಹಬ್ಬ. ಒಂದು ಮನೆಯ ಬೀಗ ತೆಗೆಯಲು ಕಲಿತ ಕಳ್ಳನಿಗೆ ಊರಿನ ಎಲ್ಲ ಮನೆಗಳಲ್ಲೂ ಅದೇ ಬೀಗ ಸಿಕ್ಕಂತೆ.

ಪರಿಹಾರ ಸಿಕ್ಕಿದ್ದು ಎಲ್ಲಿ? ಮತ್ತೆ ವೈವಿಧ್ಯದಲ್ಲೇ. ಐಇ 1012 ಎಂಬ ಇನ್ನೊಂದು ರಾಗಿಯನ್ನು ಇಂಡಾಫ್-9ರ ಜೊತೆ ಸೇರಿಸಿ, ಆ ಸಂತತಿಯನ್ನು ಇಂಡಾಫ್-5ರ ಜೊತೆ ಸೇರಿಸಿದರು. ಹೀಗೆ ಬಂದ ಜಿಪಿಯು-28 ಬೆಂಕಿ ರೋಗವನ್ನು ಚೆನ್ನಾಗಿ ತಡೆದುಕೊಂಡಿತು. ಇದನ್ನು ರೂಪಿಸಿದ್ದು ಬೆಂಗಳೂರಿನ ಜಿಕೆವಿಕೆಯಲ್ಲಿ. ರಾಜ್ಯದ ರೈತರು ಅತಿ ಹೆಚ್ಚು ಮೆಚ್ಚಿ ಬೆಳೆದ ತಳಿಗಳಲ್ಲಿ ಇದೂ ಒಂದು. ಆದರೆ ಇದನ್ನು ನೋಡಲು ಲಕ್ಷ್ಮಣಯ್ಯನವರು ಇರಲಿಲ್ಲ. ಅವರು 1993ರಲ್ಲಿ ತೀರಿಕೊಂಡರು. ಜಿಪಿಯು-28 ಬಿಡುಗಡೆಯಾದದ್ದು ಅದಾದ ಕೆಲವು ವರ್ಷಗಳ ಮೇಲೆ. ಅದರ ಮೈಯಲ್ಲಿ ಹರಿಯುತ್ತಿರುವುದು ಮಾತ್ರ ಅವರು ಕೂಡಿಸಿದ ವಂಶವೇ.

2008ರಲ್ಲಿ ಎಂಎಲ್-365 ಎಂಬ ತಳಿ ಬಂತು. ಅದರ ಒಂದು ಕಡೆ ಐಇ 1012, ಇನ್ನೊಂದು ಕಡೆ ಇಂಡಾಫ್-5. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ರಾಗಿಯ ಪೂರ್ತಿ ಡಿಎನ್‌ಎಯನ್ನು ಓದಿ 2017ರಲ್ಲಿ ಪ್ರಕಟಿಸಿದಾಗ ಅದಕ್ಕೆ ಆರಿಸಿಕೊಂಡದ್ದು ಇದೇ ಎಂಎಲ್-365 ತಳಿಯನ್ನು. ಅಂದರೆ ಲಕ್ಷ್ಮಣಯ್ಯನವರ ಕಾವೇರಿ ರಾಗಿಯ ಮೊಮ್ಮಗುವಿನ ಜಾತಕವನ್ನು ವಿಜ್ಞಾನ ಅಕ್ಷರ ಅಕ್ಷರವಾಗಿ ಓದಿತು.

ಸರ್ಜಾಪುರದ ಹೊಲದಲ್ಲಿ ಇಂದು

ಮತ್ತೆ ಸರ್ಜಾಪುರಕ್ಕೆ ಬರೋಣ. ಇಲ್ಲಿ ಹೊಲಗಳು ನಿವೇಶನಗಳಾಗುತ್ತಿವೆ. ಉಳಿದ ಹೊಲಗಳಲ್ಲಿಯೂ ಹಳೆಯ ನಾಟಿ ರಾಗಿಗಳು ಅಪರೂಪವಾಗಿವೆ. ಹೊಸ ತಳಿ ಹೆಚ್ಚು ಕಾಳು ಕೊಡುವಾಗ ಹಳೆಯದನ್ನು ಬಿಡುವುದು ಸಹಜ, ಅದು ರೈತನ ತಪ್ಪಲ್ಲ. ಆದರೆ ಯೋಚಿಸಿ. ಹುಲ್ಲುಬಿಳಿ ಎಂಬ ನಾಟಿ ರಾಗಿಯನ್ನು ಯಾರೋ ರೈತರು ಉಳಿಸಿಕೊಂಡು ಬಂದಿರದಿದ್ದರೆ ಇಂಡಾಫ್-8 ಹುಟ್ಟುತ್ತಲೇ ಇರಲಿಲ್ಲ. ಐಇ 1012ರ ಬೀಜವನ್ನು ಯಾರೋ ಕಾಪಾಡದಿದ್ದರೆ ಜಿಪಿಯು-28 ಬರುತ್ತಿರಲಿಲ್ಲ. ಮುಂದೆ ಮಳೆ ಇನ್ನೂ ಏರುಪೇರಾದರೆ, ಹೊಸ ರೋಗ ಬಂದರೆ, ಅದಕ್ಕೆ ಬೇಕಾದ ಗುಣ ಯಾವ ರಾಗಿಯಲ್ಲಿ ಅಡಗಿದೆಯೋ ಬಲ್ಲವರಾರು? ಅದಕ್ಕಾಗಿಯೇ ಜಿಕೆವಿಕೆಯಲ್ಲಿ, ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಸಾವಿರಾರು ಬಗೆಯ ರಾಗಿ ಬೀಜಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ನಮ್ಮ ಹಿರಿಯರು ಬರಗಾಲಕ್ಕೆಂದು ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದರಲ್ಲ, ಇದೂ ಹಾಗೆಯೇ. ಮುಂದಿನ ತಲೆಮಾರಿನ ಹಗೇವು.

100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ ಗೋಧಿಗಳಲ್ಲಿ ಇದರ ಹತ್ತಿರಕ್ಕೂ ಇಲ್ಲ. ನಿಮ್ಮ ಮೂಳೆ, ಹಲ್ಲು ಗಟ್ಟಿಯಾಗಲು ಅದು ಬೇಕು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. 2024ರಲ್ಲಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವ ಯೋಜನೆ ಶುರುವಾಯಿತು. ರಾಗಿ ಮಾಲ್ಟ್ ಕುಡಿಯುವಾಗ, ಮನೆಯಲ್ಲಿ ಮುದ್ದೆ ಉಣ್ಣುವಾಗ, ಬೆಳಗಿನ ಜಾವ ಕಣ್ಣಿಗೆ ಕಾಣದ ಹೂವುಗಳಿಗಾಗಿ ಶ್ರಮಿಸಿದ ಆ ಮನುಷ್ಯನನ್ನು ಒಮ್ಮೆ ನೆನೆಯಿರಿ.

ನೀವೂ ಮಾಡಿ ನೋಡಿ

1. ರಾಗಿ ತೆನೆ ಕಟ್ಟಿದ ಕಾಲದಲ್ಲಿ, ಹೊಲದವರ ಒಪ್ಪಿಗೆ ಪಡೆದು, ಹತ್ತಿರದ ಎರಡು ಹೊಲಗಳಿಗೆ ಗುರುಗಳ ಜೊತೆ ಹೋಗಿ. ಒಂದೊಂದು ಹೊಲದಲ್ಲೂ ಹತ್ತು ಗಿಡಗಳನ್ನು ಗುರುತಿಸಿ. ಗಿಡದ ಎತ್ತರ, ತೆಂಡೆಗಳ ಸಂಖ್ಯೆ, ತೆನೆಯ ಬೆರಳುಗಳ ಸಂಖ್ಯೆ, ಗಂಟಿನ ಬಣ್ಣ ಬರೆದುಕೊಳ್ಳಿ. ಗಿಡ ಕೀಳಬೇಡಿ.

2. ಒಂದೇ ಹೊಲದ ಹತ್ತು ಗಿಡಗಳಲ್ಲಿ ವ್ಯತ್ಯಾಸ ಹೆಚ್ಚೋ, ಎರಡು ಹೊಲಗಳ ನಡುವೆ ವ್ಯತ್ಯಾಸ ಹೆಚ್ಚೋ? ನಿಮ್ಮ ಪಟ್ಟಿ ನೋಡಿ ಹೇಳಿ.

3. ನಿಮ್ಮ ಅಜ್ಜಿ ತಾತನನ್ನು ಕೇಳಿ, ಅವರ ಕಾಲದಲ್ಲಿ ಬೆಳೆಯುತ್ತಿದ್ದ ರಾಗಿಗಳ ಹೆಸರು ಬರೆಯಿರಿ. ಯಾವುದರ ಹುಲ್ಲನ್ನು ಹಸು ಇಷ್ಟಪಟ್ಟು ತಿನ್ನುತ್ತಿತ್ತು ಎಂದೂ ಕೇಳಿ.

4. ನಿಮ್ಮ ಬಳಿ ಎರಡು ರಾಗಿಗಳಿವೆ. ಒಂದರಲ್ಲಿ ಕಾಳು ಹೆಚ್ಚು, ಹುಲ್ಲು ಕಡಿಮೆ. ಇನ್ನೊಂದರಲ್ಲಿ ಹುಲ್ಲು ಹೆಚ್ಚು, ಕಾಳು ಕಡಿಮೆ. ಎರಡು ಹಸು ಸಾಕಿರುವ ಸರ್ಜಾಪುರದ ರೈತರೊಬ್ಬರಿಗೆ ಹೊಸ ತಳಿ ಮಾಡಿಕೊಡಬೇಕು. ಸಂಕರಣದ ನಂತರ ಎರಡನೆಯ ತಲೆಮಾರಿನಲ್ಲಿ ಎಂಥ ಗಿಡಗಳನ್ನು ಆರಿಸುತ್ತೀರಿ? ತರಗತಿಯಲ್ಲಿ ಚರ್ಚಿಸಿ.

ಯಾವುದಾದರೂ ಮನೆಯಲ್ಲಿ ಹಳೆಯ ನಾಟಿ ರಾಗಿಯ ಬೀಜ ಒಂದು ಹಿಡಿ ಸಿಕ್ಕರೆ ಶಾಲೆಯ ಕೈತೋಟದ ಒಂದು ಮೂಲೆಯಲ್ಲಿ ಬಿತ್ತಿ. ಮುಂದಿನ ವರ್ಷಕ್ಕೆ ಅದರ ಬೀಜ ತೆಗೆದಿಡಿ. ಲಕ್ಷ್ಮಣಯ್ಯನವರ ಕೆಲಸವೂ ಇಂಥ ಹಿಡಿ ಬೀಜಗಳಿಂದಲೇ ಆರಂಭವಾಯಿತು.